ಕಾಶಿ: ಮಗಳು ಓದುತ್ತಿರುವ ಊರನ್ನು ನಾಲ್ಕು ದಿನದಲ್ಲಿ ಹೇಗೆ ನೋಡುವುದು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಮಗಳು ಈ ವರ್ಷ ಕಾಶಿಯ ಬಿಎಚ್‌ಯು, ಅಂದರೆ ಬನಾರಸ್ ಹಿಂದೂ ವಿಶ್ವವಿದ್ಯಾಲಯ ಸೇರಿದ್ದಾಳೆ. ಎಂಎ ಇತಿಹಾಸ. ಆಗಸ್ಟ್‌ನಲ್ಲಿ ಬಿಟ್ಟು ಬರಲು ಹೋದಾಗ ಗಂಗೆ ಮೈದುಂಬಿ ಹರಿಯುತ್ತಿದ್ದಳು. ಘಾಟಿನ ಮೆಟ್ಟಿಲು ಒಂದೂ ಕಾಣಲಿಲ್ಲ. ದೋಣಿಗಳನ್ನೆಲ್ಲ ಕಟ್ಟಿ ಹಾಕಿದ್ದರು. ಸಂಜೆ ಆರತಿ ಕೂಡ ಒಂದು ಕಟ್ಟಡದ ತಾರಸಿ ಮೇಲೆ ನಡೆಯಿತು. ವಿಶ್ವನಾಥನ ದರ್ಶನ, ಹಾಸ್ಟೆಲ್ಲಿಗೆ ಬಕೆಟ್ಟು, ಹಾಸಿಗೆ, ಬೀಗ ಕೊಳ್ಳುವುದು, ಇಷ್ಟರಲ್ಲೇ ಮೂರು ದಿನ ಮುಗಿದು ಹೋಯಿತು. ಊರಿಗೆ ಬಂದ ಮೇಲೆ ಅಕ್ಕಪಕ್ಕದವರು ಕಾಶಿ ಹೇಗಿದೆ ಎಂದು ಕೇಳಿದರೆ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ಈಗ ಡಿಸೆಂಬರ್ ಮೊದಲ ವಾರ ಮತ್ತೆ ಹೋಗುತ್ತಿದ್ದೇವೆ. ನಾನು, ನಮ್ಮ ಮನೆಯವರು, ಜೊತೆಗೆ ಅತ್ತೆ. ಅತ್ತೆಗೆ 71 ವರ್ಷ, ಮಂಡಿನೋವು ಇದೆ. ನಿಧಾನಕ್ಕೆ ನಡೀತಾರೆ, ಮೆಟ್ಟಿಲು ಕಷ್ಟ. ಪೂರ್ತಿ ನಾಲ್ಕು ದಿನ ಸಿಗುತ್ತದೆ. ಅಸ್ಸಿ ಹತ್ತಿರ ರೂಮ್ ಮಾಡಿದ್ದೇವೆ.

ದೇವಸ್ಥಾನಗಳ ಪಟ್ಟಿ ಅತ್ತೆಯ ಹತ್ತಿರ ಇದೆ. ನನಗೆ ಬೇಕಿರುವುದು ಬೇರೆ. ಇನ್ನು ಎರಡು ವರ್ಷ ನನ್ನ ಮಗಳು ಇರುವ ಊರು ಅದು. ಅವಳು ಫೋನಿನಲ್ಲಿ "ಅಮ್ಮ, ಇವತ್ತು ತುಳಸಿ ಘಾಟಿಗೆ ಹೋಗಿದ್ದೆ" ಅಂದರೆ ನನ್ನ ಕಣ್ಣಿಗೆ ಆ ಜಾಗ ಕಟ್ಟಬೇಕು. ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ನಾದಿನಿ ಮಗಳ ಮದುವೆಗೆ ಒಂದು ಬನಾರಸಿ ಸೀರೆ ಕೂಡ ತರಬೇಕು.

ಧಾರವಾಡದ ತಂಬೂರಿ

ಅಕ್ಕಾ, ನಮಸ್ಕಾರ. ನಾನು ಧಾರವಾಡದವನು. ಬಿಎಚ್‌ಯುನಲ್ಲಿ ಗಾಯನ ಕಲಿಯಲು ಹೋಗಿ ಆರು ವರ್ಷ ಅಲ್ಲೇ ಇದ್ದೆ. ಮೊದಲ ವರ್ಷ ಹಾಸ್ಟೆಲ್, ಆಮೇಲೆ ಅಸ್ಸಿಯ ಹಿಂದಿನ ಓಣಿಯಲ್ಲಿ ಮಹಡಿ ಮೇಲೆ ಒಂದು ಕೋಣೆ. ನಿಮ್ಮ ಕೊನೆಯ ಸಾಲುಗಳನ್ನು ಎರಡು ಸಲ ಓದಿದೆ. ನನ್ನ ಅವ್ವ ಮೊದಲ ಸಲ ಬಂದಾಗ ನಾನು ಇದನ್ನು ಅರ್ಥ ಮಾಡಿಕೊಂಡಿರಲಿಲ್ಲ. ಎರಡು ದಿನದಲ್ಲಿ ಹನ್ನೊಂದು ಗುಡಿ ತೋರಿಸಿದೆ. ಮೂರನೇ ದಿನ ಬೆಳಿಗ್ಗೆ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತವಳು ಏಳಲೇ ಇಲ್ಲ. "ನಾ ಇಲ್ಲೇ ಕೂಡ್ತೀನಿ, ನೀ ಎಲ್ಲಿಗರೆ ಹೋಗಿ ಬಾ" ಅಂದಳು. ಎರಡು ತಾಸು ಕೂತಿದ್ದಳು. ಬಟ್ಟೆ ಒಗೆಯುವವರು, ಈಜು ಕಲಿಯುವ ಹುಡುಗರು, ಮುಳುಗು ಹಾಕಿ ನಡುಗುತ್ತಾ ಬರುವ ಮುದುಕರು, ಎಲ್ಲರನ್ನೂ ನೋಡಿದಳು. ಇವತ್ತಿಗೂ ಕಾಶಿ ಅಂದರೆ ಅವಳು ಹೇಳುವುದು ಆ ಎರಡು ತಾಸಿನ ಮಾತು ಮಾತ್ರ.

ಅದಕ್ಕೇ ನನ್ನ ಸಲಹೆ ಒಂದೇ. ಮೊದಲ ದಿನದ ಬೆಳಗನ್ನು ಪೂರ್ತಿಯಾಗಿ ನದಿಗೆ ಕೊಡಿ. ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ.

ಯಾಕೆ ಬೆಳಗ್ಗೆಯೇ ಅಂದರೆ, ಗಂಗೆ ಇಲ್ಲಿ ಉತ್ತರಕ್ಕೆ ತಿರುಗಿ ಹರಿಯುತ್ತಾಳೆ. ಊರು ಇರುವುದು ಪಶ್ಚಿಮದ ದಡದಲ್ಲಿ. ಎದುರಿನ ಪೂರ್ವದ ದಡ ಬರೀ ಮರಳು, ಕಟ್ಟಡವೇ ಇಲ್ಲ. ಸೂರ್ಯ ಆ ಮರಳಿನ ಆಚೆಯಿಂದ ಎದ್ದು ಬಂದರೆ ಬೆಳಕಿಗೆ ಅಡ್ಡಿಯೇ ಇಲ್ಲ. ಅಸ್ಸಿಯಿಂದ ರಾಜಘಾಟಿನವರೆಗೆ ಸುಮಾರು 6 ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆಗಳು, ಕಮಾನುಗಳು, ಮೆಟ್ಟಿಲುಗಳು ಒಟ್ಟಿಗೇ ಕೆಂಪಾಗುತ್ತವೆ. ಹತ್ತು ನಿಮಿಷ ಅಷ್ಟೇ. ಆಮೇಲೆ ಬರೀ ಬಿಸಿಲು.

ಐದೂಕಾಲಿಗೆ ಅಸ್ಸಿ ಘಾಟಿನಲ್ಲಿರಿ. ಅಲ್ಲಿ 2014ರಿಂದ ದಿನಾ ಬೆಳಗ್ಗೆ "ಸುಬಹ್-ಎ-ಬನಾರಸ್" ಅಂತ ನಡೆಯುತ್ತದೆ. ಕತ್ತಲಿರುವಾಗಲೇ ಆರತಿ, ಆಮೇಲೆ ಶಾಸ್ತ್ರೀಯ ಸಂಗೀತ. ಸಣ್ಣ ವೇದಿಕೆ, ಎದುರಿಗೆ ಕುರ್ಚಿ. ಅತ್ತೆಯವರಿಗೂ ಕೂರಲು ಅನುಕೂಲ. ಹಾಡುವವರಲ್ಲಿ ಎಷ್ಟೋ ಜನ ಇನ್ನೂ ಕಲಿಯುತ್ತಿರುವವರು. ನಾನೂ ಅಲ್ಲಿ ಹಾಡಿದ್ದೇನೆ. ಚಳಿಗೆ ತಂಬೂರಿಯ ತಂತಿ ಶ್ರುತಿ ಬಿಟ್ಟು ಬಿಟ್ಟು ಹೋಗುತ್ತಿತ್ತು, ಶ್ರುತಿ ಮಾಡಿಕೊಳ್ಳುವುದರಲ್ಲೇ ಬೆಳಕು ಹರಿಯುತ್ತಿತ್ತು. ಭೈರವದ ಕೋಮಲ ರಿಷಭ ಹಿಡಿದು ನಿಂತಾಗ ಎದುರಿಗೆ ನೀರಿನ ಮೇಲೆ ಮಂಜು ಸರಿಯುವುದು ಕಾಣುತ್ತದಲ್ಲ, ಆ ಪಾಠ ಯಾವ ಕ್ಲಾಸಿನಲ್ಲೂ ಸಿಗಲಿಲ್ಲ.

ಅಲ್ಲಿಂದ ಉತ್ತರಕ್ಕೆ ನಡೆಯಿರಿ. ಕೇದಾರ ಘಾಟ್ ಎರಡು ಕಿಲೋಮೀಟರ್ ಒಳಗೇ ಇದೆ. ಡಿಸೆಂಬರಿನಲ್ಲಿ ನೀರು ಇಳಿದಿರುತ್ತದೆ, ದಡದುದ್ದಕ್ಕೂ ಹೋಗಬಹುದು. ದಾರಿಯಲ್ಲಿ ಸಿಗುವುದನ್ನು ಒಂದೊಂದಾಗಿ ಹೇಳ್ತೀನಿ.

ಅಸ್ಸಿ ಘಾಟಿನ ಪಕ್ಕದಲ್ಲೇ ಒಂದು ಹಳೇ ಮನೆ ಇದೆ. ಸ್ವಿಟ್ಜರ್ಲೆಂಡಿನ ಕಲಾವಿದೆ ಆಲಿಸ್ ಬೋನರ್ 1936ರಿಂದ ನಲವತ್ತು ವರ್ಷಕ್ಕೂ ಜಾಸ್ತಿ ಇಲ್ಲೇ ಇದ್ದರು. ಆಮೇಲೆ ತುಳಸಿ ಘಾಟ್. ತುಳಸೀದಾಸರು ಇದ್ದ ಜಾಗ, ಅವರು 1623ರಲ್ಲಿ ತೀರಿಕೊಂಡಿದ್ದೂ ಕಾಶಿಯಲ್ಲೇ. ಮೇಲೆ ಒಂದು ಕುಸ್ತಿಯ ಗರಡಿ ಇದೆ. ಹತ್ತಿರದ ಭದೈನಿಯಲ್ಲಿ ಝಾನ್ಸಿ ರಾಣಿ ಲಕ್ಷ್ಮೀಬಾಯಿ ಹುಟ್ಟಿದ ಜಾಗಕ್ಕೆ ಸ್ಮಾರಕ ಕಟ್ಟಿದ್ದಾರೆ. ಮುಂದೆ ಎತ್ತರದ ಕೋಟೆಯ ಹಾಗೆ ಕಾಣುವುದು ಚೇತಸಿಂಗ್ ಘಾಟ್. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ರಾಜಾ ಚೇತಸಿಂಗನನ್ನು ಇಲ್ಲೇ ಸೆರೆಯಲ್ಲಿಟ್ಟಿದ್ದ. ರಾಜ ನದಿಯ ಕಡೆಯ ಕಿಟಕಿಯಿಂದ, ಪೇಟಗಳನ್ನು ಗಂಟು ಹಾಕಿಕೊಂಡು ಇಳಿದು ತಪ್ಪಿಸಿಕೊಂಡ ಎನ್ನುತ್ತಾರೆ. ನಿಮ್ಮ ಮಗಳು ಇತಿಹಾಸ ಓದುತ್ತಿದ್ದಾಳಲ್ಲ, ಇದನ್ನು ಅವಳ ಬಾಯಿಂದಲೇ ಕೇಳಿ.

ಹನುಮಾನ್ ಘಾಟ್ ದಾಟಿದರೆ ನಮ್ಮ ಕರ್ನಾಟಕ ಘಾಟ್. ಮೊದಲು ಅದಕ್ಕೆ ಮೈಸೂರು ಘಾಟ್ ಅಂತ ಹೆಸರಿತ್ತು, ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು. ದೊಡ್ಡದೇನಲ್ಲ, ಗಮನ ಇಡದಿದ್ದರೆ ದಾಟಿ ಹೋಗ್ತೀರಿ. ಅದಕ್ಕೆ ಹತ್ತಿಕೊಂಡೇ ಹರಿಶ್ಚಂದ್ರ ಘಾಟ್, ಹೆಣ ಸುಡುವ ಜಾಗ. ಅಲ್ಲಿ ಫೋನ್ ಒಳಗಿಟ್ಟು ಸುಮ್ಮನೆ ನಡೆದು ಬಿಡಿ. ಯಾರದೋ ಮನೆಯವರು ಅಲ್ಲಿ ನಿಂತಿರುತ್ತಾರೆ. ಮುಂದೆ ವಿಜಯನಗರಂ ಘಾಟ್. ನಮ್ಮವರು ಹಂಪಿಯ ಅರಸರು ಕಟ್ಟಿಸಿದ್ದು ಅಂದುಕೊಳ್ಳುತ್ತಾರೆ, ಅದು ಆಂಧ್ರದ ವಿಜಯನಗರಂ ರಾಜರದು. ಅದರಾಚೆ ಕೆಂಪು ಬಿಳಿ ಪಟ್ಟೆಯ ಕೇದಾರ ಘಾಟ್. ದಕ್ಷಿಣದವರು ಜಾಸ್ತಿ ಇರುವ ಕೇರಿ ಇದು. ತಮಿಳು, ತೆಲುಗು, ಕನ್ನಡ ಎಲ್ಲಾ ಕಿವಿಗೆ ಬೀಳುತ್ತದೆ. ಇಡ್ಲಿಯೂ ಸಿಗುತ್ತದೆ.

ಅತ್ತೆಯವರನ್ನು ಇಷ್ಟು ನಡೆಸಬೇಡಿ. ಅವರನ್ನು ಅಸ್ಸಿಯಲ್ಲೇ ದೋಣಿ ಹತ್ತಿಸಿ, ಅಸ್ಸಿಯಲ್ಲೇ ಇಳಿಸಿಕೊಳ್ಳಿ. ಇಂಜಿನ್ನಿನ ದೋಣಿ ಬೇಡ, ಹುಟ್ಟು ಹಾಕುವ ದೋಣಿ ಕೇಳಿ. ಹೋಗುವಾಗ ಹರಿವಿನ ಜೊತೆ ಸಲೀಸಾಗಿ ಹೋಗುತ್ತದೆ. ಬರುವಾಗ ಎದುರು ಹರಿವು, ಅಂಬಿಗ ದಡಕ್ಕೆ ಅಂಟಿಕೊಂಡು ನಿಧಾನಕ್ಕೆ ಬರುತ್ತಾನೆ. ಆಗಲೇ ಮೆಟ್ಟಿಲ ಮೇಲಿನ ಜನರ ಮುಖ ಕಾಣುವುದು, ಮಾತು ಕೇಳುವುದು. ಹತ್ತುವ ಮೊದಲೇ ಎಲ್ಲಿಯವರೆಗೆ, ಎಷ್ಟು ಹೊತ್ತು, ಒಟ್ಟು ಎಷ್ಟು ದುಡ್ಡು ಎಂದು ಮಾತಾಡಿಕೊಳ್ಳಿ. ತಲೆಗೆ ಇಷ್ಟು ಅಂತ ಹೇಳಿದರೋ, ದೋಣಿಗೆ ಇಷ್ಟು ಅಂತ ಹೇಳಿದರೋ ಅನ್ನುವುದರಲ್ಲೇ ಜಗಳ ಹುಟ್ಟುವುದು. ಡಿಸೆಂಬರಿನಲ್ಲಿ ದೂರದ ದೇಶದಿಂದ ಬಂದ ಬಿಳಿ ಕಡಲಹಕ್ಕಿಗಳು ದೋಣಿಯ ಸುತ್ತ ಮುತ್ತುತ್ತವೆ. ಹಾಕಲು ಸೇವು ಮಾರುತ್ತಾರೆ. ಕೊಳ್ಳಬೇಡಿ. ಎಣ್ಣೆಯಲ್ಲಿ ಕರಿದ ತಿಂಡಿ ಆ ಹಕ್ಕಿಗಳ ಹೊಟ್ಟೆಗೆ ಆಗಿಬರುವುದಿಲ್ಲ.

ಈಗ ವಿಶ್ವವಿದ್ಯಾಲಯದ ಮಾತು. ಇದಕ್ಕೆ ಅರ್ಧ ದಿನ ಬೇಕೇ ಬೇಕು. ಹಾಸ್ಟೆಲ್ಲಿಗೆ ಸಾಮಾನು ಇಟ್ಟು ಬಂದವರು ಅದನ್ನು ನೋಡಿದ ಹಾಗಲ್ಲ. ಲಂಕಾ ಚೌಕದಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಮದನಮೋಹನ ಮಾಳವೀಯರ ಪ್ರತಿಮೆ, ಅದರ ಹಿಂದೆ ಸಿಂಹದ್ವಾರ. ಒಳಗೆ ಸುಮಾರು 1300 ಎಕರೆ. ರಸ್ತೆಗಳೆಲ್ಲ ಅರ್ಧಚಂದ್ರದ ಆಕಾರದಲ್ಲಿ ಬಾಗಿವೆ. ಹೊಸಬರಿಗೆ ದಾರಿ ತಪ್ಪುವುದು ಅದಕ್ಕೇ. ನೇರ ಹೋಗುತ್ತಿದ್ದೇನೆ ಅಂದುಕೊಂಡವರು ಸುತ್ತಿ ಬೇರೆ ಕಡೆ ಬಂದಿರುತ್ತಾರೆ. ಎರಡೂ ಕಡೆ ದೊಡ್ಡ ದೊಡ್ಡ ಮರ. ಇ-ರಿಕ್ಷಾ ಮಾಡಿಕೊಂಡು ಅತ್ತೆಯವರಿಗೂ ತೋರಿಸಿ.

ಇದಕ್ಕೆ 1916ರ ಫೆಬ್ರವರಿ 4ರಂದು, ವಸಂತ ಪಂಚಮಿಯ ದಿನ, ಅಡಿಗಲ್ಲು ಹಾಕಿದರು. ಮೊದಲ ಕುಲಾಧಿಪತಿ ಯಾರು ಗೊತ್ತಾ? ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದೂ ಅದೇ 1916ರಲ್ಲಿ. ಎರಡು ಕಡೆಯೂ ಅವರೇ. ಹಾಗೇ ರಾಧಾಕೃಷ್ಣನ್ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಮಾಡಿದವರು, ಮುಂದೆ 1939ರಿಂದ 1948ರವರೆಗೆ ಬಿಎಚ್‌ಯು ಕುಲಪತಿ. ಆ 1916ರ ಸಮಾರಂಭದಲ್ಲೇ ಗಾಂಧೀಜಿ ಮಾತಾಡಿದ್ದು. ಮೈತುಂಬ ಒಡವೆ ಹಾಕಿಕೊಂಡು ಕೂತಿದ್ದ ರಾಜರ ಮುಂದೆಯೇ, ಈ ಒಡವೆ ಬಿಚ್ಚಿಟ್ಟು ಜನರಿಗಾಗಿ ಕಾಯ್ದಿಡದೆ ದೇಶಕ್ಕೆ ಬಿಡುಗಡೆ ಇಲ್ಲ ಎಂದುಬಿಟ್ಟರು. ಆನಿ ಬೆಸೆಂಟ್ ಮಧ್ಯೆ ತಡೆದರು. ಭಾಷಣ ಪೂರ್ತಿಯಾಗಲೇ ಇಲ್ಲ.

ಒಳಗಿನ ಭಾರತ ಕಲಾ ಭವನ ತಪ್ಪಿಸಬೇಡಿ. 1920ರಲ್ಲಿ ರಾಯ್ ಕೃಷ್ಣದಾಸ್ ಶುರು ಮಾಡಿದ ಸಂಗ್ರಹ. ಒಂದು ಲಕ್ಷಕ್ಕೂ ಜಾಸ್ತಿ ವಸ್ತುಗಳಿವೆ, ಎಲ್ಲ ನೋಡಲು ಹೋಗಬೇಡಿ. ಗೋವರ್ಧನ ಎತ್ತಿ ನಿಂತ ಕೃಷ್ಣನ ಕಲ್ಲಿನ ವಿಗ್ರಹದ ಮುಂದೆ ನಿಂತುಕೊಳ್ಳಿ. ಗುಪ್ತರ ಕಾಲದ್ದು. ಮೇಲೆತ್ತಿದ ಕೈಯಲ್ಲಿ ಭಾರದ ಸುಳಿವೇ ಇಲ್ಲ. ಅಮ್ಮ ಹೇಳಿದ ಯಾವುದೋ ಡಬ್ಬಿ ಅಟ್ಟದಿಂದ ಇಳಿಸುವ ಹುಡುಗನ ಹಾಗೆ ನಿಂತಿದ್ದಾನೆ. ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಭಾನುವಾರ ಮತ್ತು ವಿಶ್ವವಿದ್ಯಾಲಯದ ರಜೆ ದಿನ ಹೋಗಬೇಡಿ, ಮುಚ್ಚಿರುತ್ತದೆ.

ಸಂಜೆ ಹೊಸ ವಿಶ್ವನಾಥ ಮಂದಿರ. ಹುಡುಗರು ಅದನ್ನು "ವಿಟಿ" ಅನ್ನುತ್ತಾರೆ. ಶಿಖರ ಸುಮಾರು 77 ಮೀಟರ್. 1931ರಲ್ಲಿ ಶುರುವಾಗಿ 1966ರಲ್ಲಿ ಮುಗಿಯಿತು. ಒಳಗಿನ ಅಮೃತಶಿಲೆಯ ಗೋಡೆಗಳ ಮೇಲೆ ಭಗವದ್ಗೀತೆ ಪೂರ್ತಿ ಕೆತ್ತಿದ್ದಾರೆ. ಅತ್ತೆಯವರು ಓದುತ್ತಾ ಸುತ್ತು ಬರಬಹುದು. ನೂಕುನುಗ್ಗಲು ಇಲ್ಲ. ಹೊರಗಿನ ಅಂಗಡಿಗಳ ಮುಂದೆ ಹುಡುಗ ಹುಡುಗಿಯರು ಕೋಲ್ಡ್ ಕಾಫಿ ಹಿಡಿದು ಕೂತಿರುತ್ತಾರೆ. ನಿಮ್ಮ ಮಗಳು ಸಂಜೆ ಎಲ್ಲಿರುತ್ತಾಳೆ ಎಂದು ತಿಳಿಯಬೇಕಾದರೆ ಅಲ್ಲೇ ಅರ್ಧ ತಾಸು ಕೂತರೆ ಸಾಕು.

ನಾನು ಕಲಿತ ಸಂಗೀತ ಕಾಲೇಜಿಗೆ ಮೊದಲ ಪ್ರಾಂಶುಪಾಲರು ಪಂಡಿತ್ ಓಂಕಾರನಾಥ ಠಾಕೂರ್, 1950ರಲ್ಲಿ. ಸಭಾಂಗಣಕ್ಕೆ ಅವರದೇ ಹೆಸರು. ಆ ವಾರ ಅಲ್ಲಿ ಕಾರ್ಯಕ್ರಮ ಇದ್ದರೆ ಬಿಡಬೇಡಿ. ಸಂಗೀತ ಇಷ್ಟವಿದ್ದರೆ ಕಬೀರಚೌರಾ ಓಣಿಯಲ್ಲೂ ಒಂದು ಸುತ್ತು ಹಾಕಿ. ಕಿಶನ್ ಮಹಾರಾಜರಂಥ ತಬಲಾ ದಿಗ್ಗಜರ ಕೇರಿ ಅದು. ಮಧ್ಯಾಹ್ನದ ಹೊತ್ತು ಹೋದರೆ ಯಾವುದಾದರೊಂದು ಕಿಟಕಿಯಿಂದ ರಿಯಾಜಿನ ಸದ್ದು ಬರುತ್ತದೆ. ನಾನು ಎಷ್ಟೋ ಸಲ ಬರೀ ಅದನ್ನು ಕೇಳಲೆಂದೇ ಆ ದಾರಿಯಲ್ಲಿ ಬಂದಿದ್ದೇನೆ.

ತಿನ್ನುವುದರಲ್ಲಿ ಒಂದನ್ನು ಮರೆಯಬೇಡಿ, ಮಲಯ್ಯೋ. ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ. ಹಾಲನ್ನು ರಾತ್ರಿ ಬಯಲಿನ ಇಬ್ಬನಿಗೆ ಇಟ್ಟು, ಬೆಳಗಿನ ಜಾವ ಕಡೆದು ತೆಗೆದ ನೊರೆ. ಕೇಸರಿ, ಏಲಕ್ಕಿ ಹಾಕಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಬಾಯಿಗೆ ಇಟ್ಟರೆ ಇಲ್ಲ. ಹೊತ್ತೇರಿದ ಮೇಲೆ ಹೋದರೆ ಮುಗಿದಿರುತ್ತದೆ.

ಮೊಳಕಾಲ್ಮೂರು ಮಗ್ಗ

ಸೀರೆ ವಿಷಯ ನಾನು ಹೇಳ್ತೀನಿ ಅಕ್ಕಾ. ನಮ್ಮ ತವರಲ್ಲಿ ಎರಡು ಮಗ್ಗ ಇದ್ದವು, ಕೈ ಇಟ್ಟರೆ ಬಟ್ಟೆ ಗೊತ್ತಾಗುತ್ತದೆ.

ಅಂಗಡಿಯವರು ಸೀರೆ ಹರಡಿದ ಕೂಡಲೇ ಮೇಲಿನ ಹೊಳಪು ನೋಡಬೇಡಿ. ಮಗುಚಿ ಹಿಂಬದಿ ನೋಡಿ. ಕೈಮಗ್ಗದಲ್ಲಿ ಒಂದೊಂದೇ ಬುಟ್ಟಾವನ್ನು ಬೇರೆ ಬೇರೆ ಎಳೆ ಹಿಡಿದು ನೇಯ್ದಿದ್ದರೆ ಹಿಂಬದಿಯೂ ಚೊಕ್ಕಟ ಇರುತ್ತದೆ. ಒಂದು ಬುಟ್ಟಾದಿಂದ ಇನ್ನೊಂದಕ್ಕೆ ಎಳೆ ಓಡಿರುವುದಿಲ್ಲ. ಇದನ್ನು ಅಲ್ಲಿ ಕಢುವಾ ಅನ್ನುತ್ತಾರೆ. ಇನ್ನೊಂದು ಫೇಕುವಾ. ಇದರಲ್ಲಿ ಜರಿ ಎಳೆಯನ್ನು ಈ ಅಂಚಿಂದ ಆ ಅಂಚಿಗೆ ಎಸೆದು, ನೇಯ್ಗೆ ಮುಗಿದ ಮೇಲೆ ನಡುವೆ ತೇಲುವ ಎಳೆ ಕತ್ತರಿಸುತ್ತಾರೆ. ಕತ್ತರಿಸಿದ ತುದಿ ಬೆರಳಿಗೆ ಒರಟಾಗಿ ತಾಗುತ್ತದೆ. ಬಳೆಗೆ, ಕಾಲುಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಫೇಕುವಾ ಕೆಟ್ಟದ್ದು ಅಂತಲ್ಲ, ಅದಕ್ಕೆ ಕಢುವಾದ ಬೆಲೆ ಕೊಡಬಾರದು ಅಷ್ಟೇ.

ಆಮೇಲೆ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನೇಯುವಾಗ ಬಟ್ಟೆ ಬಿಗಿಯಾಗಿರಲಿ ಎಂದು ಅಡ್ಡಕ್ಕೆ ಒಂದು ಕಡ್ಡಿ ಕೊಡುತ್ತಾರೆ, ಅದರ ತುದಿಯಲ್ಲಿ ಮೊಳೆ ಇರುತ್ತದೆ. ಆ ಮೊಳೆಯ ಸಣ್ಣ ಸಣ್ಣ ತೂತು ಎರಡೂ ಅಂಚಿನಲ್ಲಿ ಸಾಲಾಗಿ ಕಂಡರೆ ಕೈಮಗ್ಗದ್ದು ಅಂತ ನಂಬಿಕೆ ಬರುತ್ತದೆ. ಜರಿ ಯಾವುದು, ಟೆಸ್ಟೆಡ್ಡಾ (ಅಂದರೆ ಅಗ್ಗದ ನಕಲು ಜರಿ) ಬೆಳ್ಳಿಯದಾ, ಬಾಯಿಬಿಟ್ಟು ಕೇಳಿ. ಶುದ್ಧ ರೇಷ್ಮೆ ಎಂದು ತೋರಿಸುವ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಬನಾರಸಿ ಸೀರೆಗೆ 2009ರಲ್ಲೇ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೂ ಪವರ್‌ಲೂಮ್ ಮಾಲನ್ನು ಕೈಮಗ್ಗದ್ದು ಎಂದು ಮಾರುವವರು ಇದ್ದಾರೆ. ನಾನೇ ಒಂದು ಸಲ ಆಟೋದವರು ಕರೆದುಕೊಂಡು ಹೋದ ಅಂಗಡಿಯಲ್ಲಿ ಅವಸರಕ್ಕೆ ಕೊಂಡು, ಮನೆಗೆ ಬಂದು ಮಗುಚಿ ನೋಡಿ ಅತ್ತಿದ್ದೇನೆ. ತಂಗಿಯ ಮದುವೆಗೆ ತಂದಿದ್ದು ಅದು. ಆಟೋದವರು ಹೇಳಿದ ಅಂಗಡಿಗೆ ದಯವಿಟ್ಟು ಹೋಗಬೇಡಿ.

ಆಗುವುದಾದರೆ ಮದನಪುರಾ ಓಣಿಗಳಲ್ಲಿ ನೇಕಾರರ ಮನೆಗೇ ಹೋಗಿ ಮಗ್ಗ ನೋಡಿ. ನೆಲದಲ್ಲಿ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ನಮ್ಮಲ್ಲಿಯ ಹಾಗೇ. ನಮ್ಮ ಕರ್ನಾಟಕದ ರೇಷ್ಮೆ ನೂಲು ಅಲ್ಲಿಗೂ ಹೋಗುತ್ತದೆ. ಕೇಳಿ ನೋಡಿ, "ಬೆಂಗಳೂರ್ ಕಾ" ಅಂತ ಅವರೇ ತೋರಿಸುತ್ತಾರೆ.

ದಾವಣಗೆರೆಯವ

ತಂಬೂರಿಯವರು ಚೆನ್ನಾಗಿ ಹೇಳಿದ್ದಾರೆ. ಮಂಡಿನೋವಿನ ಬಗ್ಗೆ ನಾನು ಎರಡು ಮಾತು ಸೇರಿಸ್ತೀನಿ. ನಮ್ಮ ತಂದೆಯವರನ್ನು 78ನೇ ವಯಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ.

ಕೇದಾರೇಶ್ವರನ ದರ್ಶನಕ್ಕೆ ನದಿಯ ಕಡೆಯಿಂದ ಹತ್ತಬೇಡಿ, ಮೆಟ್ಟಿಲು ತುಂಬಾ ಕಡಿದು. ಸೋನಾರಪುರಾ ರಸ್ತೆಯ ಕಡೆಯಿಂದ ಓಣಿಯಲ್ಲಿ ಹೋದರೆ ದೇವಸ್ಥಾನದ ಬಾಗಿಲಿಗೇ ಹೋಗುತ್ತೀರಿ. ವಿಶ್ವನಾಥನ ಗುಡಿಗೆ ಬೆಳಗಿನ ಜಾವವೇ ವಾಸಿ. ಗೋದೌಲಿಯಾ ಆಚೆ ಗಾಡಿ ಬಿಡುವುದಿಲ್ಲ, ಅಲ್ಲಿಂದ ನಡಿಗೆ. ಫೋನ್ ಒಳಗೆ ಬಿಡುವುದಿಲ್ಲ. ರೂಮಿನಲ್ಲೇ ಇಟ್ಟು ಹೋದರೆ ಲಾಕರಿನ ಸಾಲು ತಪ್ಪುತ್ತದೆ. 2021ರ ಡಿಸೆಂಬರಿನಲ್ಲಿ ಕಾರಿಡಾರ್ ಆದ ಮೇಲೆ ಒಳಗೆ ವಿಶಾಲವಾಗಿದೆ, ಕೂರಲು ಜಾಗ ಇದೆ. ಮೊದಲಿನ ಇಕ್ಕಟ್ಟಿನ ಓಣಿ ನೋಡಿದವರಿಗೆ ಬೇರೆ ಊರಿಗೆ ಬಂದ ಹಾಗಾಗುತ್ತದೆ.

ಇನ್ನೊಂದು, ಜಂಗಮವಾಡಿ ಮಠ. ಗೋದೌಲಿಯಾದಿಂದ ಹತ್ತಿರ. ಪಂಚಪೀಠಗಳಲ್ಲಿ ಕಾಶಿ ಪೀಠ ಇದೇ. ಒಳಗೆ ಹೋದರೆ ಕನ್ನಡ ಕೇಳಿಸುತ್ತದೆ. ಅಂಗಳದ ಸುತ್ತ, ಗೋಡೆಯ ಪಕ್ಕ, ಮೂಲೆ ಮೂಲೆಯಲ್ಲಿ ಸಾವಿರಾರು ಶಿವಲಿಂಗ. ತೀರಿಹೋದವರ ನೆನಪಿಗೆ ಮನೆಯವರು ಬಂದು ಇಡುತ್ತಾರೆ. ಕೆಲವು ಹೆಬ್ಬೆಟ್ಟಿನಷ್ಟು, ಕೆಲವು ಮೊಣಕೈ ಉದ್ದ. ನಮ್ಮ ಅಮ್ಮನ ಹೆಸರಿನದೂ ಅಲ್ಲಿದೆ. ಅಪ್ಪ ಅದನ್ನು ಇಟ್ಟ ಮೇಲೆ ಪಕ್ಕದಲ್ಲಿದ್ದ ಗೊತ್ತಿಲ್ಲದವರ ಲಿಂಗಕ್ಕೂ ಎರಡು ಬಿಲ್ವಪತ್ರೆ ಹಾಕಿದರು. ಈ ಮಠಕ್ಕೆ ಮೊಘಲ್ ಬಾದಶಹರು ಜಮೀನು ಬಿಟ್ಟುಕೊಟ್ಟ ಫರ್ಮಾನುಗಳಿವೆ, ಫಾರಸಿಯಲ್ಲಿ. ನಿಮ್ಮ ಮಗಳು ಇತಿಹಾಸದವಳಾದ್ದರಿಂದ ಅವಳಿಗೆ ಹೇಳಿ.

ತುಂಗಾತೀರ

ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಸೀರೆ ಮಗುಚಿ ನೋಡುವುದನ್ನು ಮನೆಯಲ್ಲಿರುವ ಸೀರೆಗಳ ಮೇಲೆ ಆಗಲೇ ಶುರು ಮಾಡಿದ್ದೇನೆ. ಒಂದೇ ಪ್ರಶ್ನೆ ಉಳಿದಿದೆ. ಸಾರನಾಥ, ರಾಮನಗರ ಕೋಟೆ, ಎರಡರಲ್ಲಿ ಒಂದಕ್ಕೆ ಮಾತ್ರ ಸಮಯ ಇದೆ. ಯಾವುದು?

ಧಾರವಾಡದ ತಂಬೂರಿ

ಸಾರನಾಥ, ಯೋಚನೆಯೇ ಬೇಡ. ರಾಮನಗರ ಕೋಟೆಗೆ ನಾನು ಭಾದ್ರಪದ-ಆಶ್ವೀಜದಲ್ಲಿ ಹೋಗಿ ಅನ್ನುತ್ತೇನೆ. ಆಗ ಅಲ್ಲಿ ತಿಂಗಳಿಡೀ ರಾಮಲೀಲೆ. ಮೈಕು ಇಲ್ಲ, ಕರೆಂಟಿನ ದೀಪ ಇಲ್ಲ. ಒಂದು ಪ್ರಸಂಗಕ್ಕೆ ಒಂದು ಬಯಲು, ಜನ ರಾಮನ ಹಿಂದೆ ಊರೆಲ್ಲ ನಡೆಯುತ್ತಾರೆ. ಅದನ್ನು ನಿಮ್ಮ ಮಗಳು ಮುಂದಿನ ವರ್ಷ ನೋಡಲಿ.

ಸಾರನಾಥ ಊರಿಂದ 10 ಕಿಲೋಮೀಟರ್. ನೆಲ ಸಮತಟ್ಟು, ಹುಲ್ಲು, ಮರದ ನೆರಳು. ಅತ್ತೆಯವರಿಗೆ ನಾಲ್ಕು ದಿನದಲ್ಲಿ ಆರಾಮ ಸಿಗುವ ಜಾಗ ಅದು. ಧಮೇಕ ಸ್ತೂಪ 43 ಮೀಟರಿಗಿಂತ ಎತ್ತರ. ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಹೋಗಿ ಕೆಳಗಿನ ಪಟ್ಟಿಯ ಕೆತ್ತನೆ ನೋಡಿ. ಹೂಬಳ್ಳಿಯ ಸುರುಳಿಗಳು, ಕಸೂತಿ ಹಾಕಿದ ಹಾಗೆ. ಧಾರವಾಡದವನಾದ್ದರಿಂದ ನನಗೆ ಹಾಗೆ ಕಾಣುತ್ತದೋ ಏನೋ.

ಮ್ಯೂಸಿಯಮ್ಮಿಗೆ ಶುಕ್ರವಾರ ರಜೆ, ಇದು ನೆನಪಿರಲಿ. ಬಾಗಿಲಲ್ಲಿ ಹೊಕ್ಕ ಕೂಡಲೇ ನಾಲ್ಕು ಸಿಂಹ. ನಾವು ದಿನಾ ನೋಟಿನ ಮೇಲೆ, ರೇಷನ್ ಕಾರ್ಡಿನ ಮೇಲೆ ನೋಡುವ ಅದೇ ಸಿಂಹ, ಅಶೋಕ ಮಾಡಿಸಿದ್ದು. ನುಣುಪು ಹೇಗಿದೆ ಅಂದರೆ, ಎರಡು ಸಾವಿರ ವರ್ಷ ದಾಟಿದ ಕಲ್ಲಿನ ಮೇಲೆ ಕಿಟಕಿಯ ಬೆಳಕು ಜಾರುತ್ತದೆ. ಎದುರಿಗೆ ಒಂದೇ ನೋಡಬೇಡಿ, ಸುತ್ತ ಬನ್ನಿ. ಚಿತ್ರದಲ್ಲಿ ಯಾವಾಗಲೂ ಮೂರೇ ಕಾಣುತ್ತವೆ. ನಾಲ್ಕನೆಯದನ್ನು ನೋಡಲು ಇಲ್ಲಿಗೇ ಬರಬೇಕು. ಅಶೋಕ ಅನ್ನುವ ಹೆಸರು ಅವನದೇ ಶಾಸನದಲ್ಲಿ ನೇರವಾಗಿ ಮೊದಲು ಸಿಕ್ಕಿದ್ದು ನಮ್ಮ ರಾಯಚೂರಿನ ಮಸ್ಕಿಯಲ್ಲಿ, 1915ರಲ್ಲಿ. ಅಲ್ಲಿಯವರೆಗೆ ಅವನ ಶಾಸನಗಳಲ್ಲಿ ಸಿಕ್ಕಿದ್ದು ಬರೀ "ದೇವಾನಾಂಪ್ರಿಯ" ಅನ್ನುವ ಬಿರುದು.

ಸಂಜೆ ದಶಾಶ್ವಮೇಧದ ಆರತಿಗೆ ಒಂದು ದಿನ ಹೋಗಿ ಬನ್ನಿ, ಅತ್ತೆಯವರ ಆಸೆ ಇರುತ್ತದೆ. ಜನ ಜಾಸ್ತಿ, ಒಂದು ತಾಸು ಮೊದಲೇ ಹೋಗಬೇಕು. ಉಳಿದ ಸಂಜೆ ಅಸ್ಸಿಯ ಆರತಿ ಸಾಕು, ರೂಮಿಗೂ ಹತ್ತಿರ.

ತುಂಗಾತೀರ

ವಾಪಸ್ ಬಂದು ಐದು ದಿನವಾಯಿತು. ಬರೆಯದೆ ಇರಲು ಆಗಲಿಲ್ಲ.

ಮೊದಲ ದಿನ ಅಸ್ಸಿಯಲ್ಲಿ ಹಾಡಿದವಳು ಇಪ್ಪತ್ತರ ಹುಡುಗಿ. ಶಾಲು ಹೊದ್ದು, ಕೈಗೆ ಉಣ್ಣೆಯ ಗವಸು ಹಾಕಿಕೊಂಡು ಬಂದಳು. ಹಾಡುವ ಮುಂಚೆ ಗವಸು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡಳು. ಯಾವ ರಾಗ ಅಂತ ನನಗೆ ತಿಳಿಯಲಿಲ್ಲ. ಬೆಳಕು ಬಿತ್ತು, ತಂಬೂರಿಯವರು ಹೇಳಿದ ಹಾಗೇ, ಹತ್ತು ನಿಮಿಷ. ನಮ್ಮ ಮನೆಯವರು ಫೋಟೋ ತೆಗೆಯಲು ಫೋನ್ ಎತ್ತಿದವರು ಹಾಗೇ ಕೆಳಗಿಳಿಸಿದರು.

ದೋಣಿಯಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ತೀರ್ಥಹಳ್ಳಿಯವರು ಅವರು, ತುಂಗೆಯ ದಡದಲ್ಲಿ ಬೆಳೆದವರು. ಬರುವಾಗ ಎದುರು ಹರಿವಿಗೆ ಅಂಬಿಗ ಹುಟ್ಟು ಹಾಕುತ್ತಿದ್ದಾಗ ನೀರಿಗೆ ಕೈ ಇಳಿಬಿಟ್ಟು, "ನಮ್ಮ ತುಂಗೆ ನೀರು ಇದಕ್ಕಿಂತ ತಣ್ಣಗಿರತ್ತೆ" ಅಂದರು. ಆಮೇಲೆ ಅದೇ ಒದ್ದೆ ಕೈಯನ್ನು ಮೊಮ್ಮಗಳ ತಲೆ ಮೇಲೆ ಇಟ್ಟರು.

ಕರ್ನಾಟಕ ಘಾಟಿನಲ್ಲಿ ಮಗಳು ಮೊದಲೇ ಹೋಗಿ ನಿಂತಿದ್ದಳು. ಅವಳಿಗೆ ಅಲ್ಲಿ ಒಂದು ಮೆಟ್ಟಿಲು ಗೊತ್ತು, ಮಧ್ಯಾಹ್ನ ನೆರಳಿರುತ್ತದಂತೆ. ಮನೆ ನೆನಪಾದಾಗ ಅಲ್ಲಿ ಕೂತು ನನಗೆ ಫೋನ್ ಮಾಡುತ್ತಾಳಂತೆ. ಇಷ್ಟು ದಿನ ಹಿಂದೆ ಗಂಟೆಯ ಸದ್ದು, ಹುಡುಗರ ಕೂಗು ಕೇಳಿಸುತ್ತಿತ್ತಲ್ಲ, ಅದೆಲ್ಲ ಎಲ್ಲಿಯದು ಎಂದು ಆಗ ತಿಳಿಯಿತು.

ಭಾರತ ಕಲಾ ಭವನದ ಕೃಷ್ಣ, ಸಾರನಾಥದ ನಾಲ್ಕನೇ ಸಿಂಹ, ಎರಡನ್ನೂ ನೋಡಿದೆವು. ಮಲಯ್ಯೋ ಅತ್ತೆ ಎರಡು ಕುಡಿಕೆ ತಿಂದರು. ಸೀರೆ ತಂದೆ. ಮದನಪುರಾದಲ್ಲಿ ಮೂರು ಮನೆ ಸುತ್ತಿ, ಹನ್ನೆರಡು ಸೀರೆ ಮಗುಚಿ ನೋಡಿ, ಕೊನೆಗೆ ಒಂದು ಹಸಿರು ಕಢುವಾ. ಹಿಂಬದಿಗೆ ಬೆರಳು ಓಡಿಸಿದಾಗ ನೇಕಾರರು ನಕ್ಕು, ಮಗ್ಗ ಗೊತ್ತಿರುವವರು ಯಾರೋ ಹೇಳಿಕೊಟ್ಟಿದ್ದಾರೆ ಅಂದರು. ಮೊಳಕಾಲ್ಮೂರಿನ ಅಕ್ಕನ ಹೆಸರು ಹೇಳಲು ನನಗೆ ಗೊತ್ತಿರಲಿಲ್ಲ, ನಮ್ಮ ಊರ ಕಡೆಯವರು ಅಂದೆ.

ಜಂಗಮವಾಡಿಯಲ್ಲಿ ದಾವಣಗೆರೆಯವರ ತಾಯಿಯ ಲಿಂಗ ಯಾವುದೋ ತಿಳಿಯಲಿಲ್ಲ. ಅತ್ತೆ ಒಂದು ಸಾಲಿಗೆ ಪೂರ್ತಿ ಬಿಲ್ವಪತ್ರೆ ಹಾಕಿ ಬಂದಿದ್ದಾರೆ.

ತಂಬೂರಿಯವರೇ, ಮಗಳು ಒಂದು ಪ್ರಶ್ನೆ ಕೇಳಲು ಹೇಳಿದ್ದಾಳೆ. ಏಪ್ರಿಲ್‌ನಲ್ಲಿ ಸಂಕಟಮೋಚನ ಗುಡಿಯಲ್ಲಿ ರಾತ್ರಿಯಿಡೀ ಸಂಗೀತ ಇರುತ್ತದಂತೆ, ನೀವು ಹೋಗುತ್ತಿದ್ದಿರಾ? ರಾತ್ರಿ ಪೂರ್ತಿ ಕೂರಲು ಏನೇನು ತಗೊಂಡು ಹೋಗಬೇಕು?

ಧಾರವಾಡದ ತಂಬೂರಿ

ಆರು ವರ್ಷವೂ ಒಂದು ರಾತ್ರಿ ಬಿಟ್ಟಿಲ್ಲ ಅಕ್ಕಾ. ಹನುಮಾನ್ ಜಯಂತಿ ಆದ ಮೇಲೆ ಶುರು. ಟಿಕೆಟ್ ಇಲ್ಲ. ಒಂದು ಚಾಪೆ, ನೀರಿನ ಬಾಟಲಿ, ಬೀಸಣಿಗೆ ಸಾಕು, ಏಪ್ರಿಲ್ ಅಂದರೆ ಅಲ್ಲಿ ರಾತ್ರಿಯೂ ಸೆಕೆ. ಚೀಲದಲ್ಲಿ ತಿಂಡಿ ಇಡಬೇಡ ಅಂತ ಹೇಳಿ, ಕೋತಿಗಳು ಬಿಡುವುದಿಲ್ಲ. ಸಂಜೆಯೇ ಹೋಗಿ ಕಂಬದ ಪಕ್ಕ ಜಾಗ ಹಿಡಿಯಲಿ, ಬೆನ್ನಿಗೆ ಆಸರೆ ಸಿಗುತ್ತದೆ. ನಿದ್ದೆ ಬಂದರೂ ಎದ್ದು ಹೋಗಬಾರದು, ದೊಡ್ಡವರು ಹಾಡುವುದು ಬೆಳಗಿನ ಜಾವಕ್ಕೆ.